ಶಂಖಪುಷ್ಪದ ನೀಲಿ: ಬೆಳೆಸಿ, ಒಣಗಿಸಿ, ಅರಿತು ಬಳಸುವ ಕ್ರಮ

ಚಿಕ್ಕಮಗಳೂರಿನ ನಮ್ಮ ಮನೆಯ ಹಿತ್ತಲ ಬೇಲಿಯ ಮೇಲೆ ಶಂಖಪುಷ್ಪದ ಬಳ್ಳಿ ಹಬ್ಬಿ ಹಲವು ವರ್ಷಗಳಾದವು. ಮೊದಲು ಅದು ದೇವರ ಪೂಜೆಗೆ ಹೂ ಕೊಡುವ ಬಳ್ಳಿ ಮಾತ್ರವಾಗಿತ್ತು. ಈಗ ಬೆಳಿಗ್ಗೆ ಬೇಲಿಯ ಬಳಿ ನಿಂತು, ಈ ಹೂವಿನ ಟೀ ಕುಡಿದರೆ ಸಕ್ಕರೆ ಕಾಯಿಲೆ ಇಳಿಯುತ್ತದೆಯೇ, ಇದರ ಬೇರನ್ನು ತೇಯ್ದು ಕೊಟ್ಟರೆ ಮಕ್ಕಳಿಗೆ ನೆನಪಿನ ಶಕ್ತಿ ಬರುತ್ತದೆಯೇ ಎಂದು ಕೇಳುವವರು ಆಗಾಗ ಸಿಗುತ್ತಾರೆ. ಹೌದು ಅಥವಾ ಇಲ್ಲ ಎಂಬ ಒಂದೇ ಮಾತಿನಲ್ಲಿ ಇದಕ್ಕೆ ಉತ್ತರ ಹೇಳಲಾಗದು. ಹೂವಿನಲ್ಲಿರುವ ರಾಸಾಯನಿಕಗಳು ಬೇರೆ, ಬೇರಿನಲ್ಲಿರುವವು ಬೇರೆ, ಬೀಜದಲ್ಲಿರುವವು ಮತ್ತೂ ಬೇರೆ. ಬಿಸಿನೀರಿಗೆ ಇಳಿಯುವ ವಸ್ತುವೂ ಎಣ್ಣೆಗೆ ಅಥವಾ ಮದ್ಯಸಾರಕ್ಕೆ ಇಳಿಯುವ ವಸ್ತುವೂ ಒಂದೇ ಅಲ್ಲ. ಬಳ್ಳಿಯ ಯಾವ ಭಾಗವನ್ನು, ಯಾವ ದ್ರವದಲ್ಲಿ, ಎಷ್ಟು ಬಿಸಿಯಲ್ಲಿ ಸಿದ್ಧಪಡಿಸಿದ್ದೇವೆ ಎಂಬುದನ್ನು ತಿಳಿಯದೆ ಶಂಖಪುಷ್ಪ ಒಳ್ಳೆಯದು ಎನ್ನುವುದು ಅರ್ಧ ಮಾತು. ಹಾಸನ ಮತ್ತು ಚಿಕ್ಕಮಗಳೂರಿನ ಹವೆಯಲ್ಲಿ ಈ ಬಳ್ಳಿಯನ್ನು ಬೆಳೆಸಿ, ಹೂವನ್ನು ಒಣಗಿಸಿ, ಅದರ ಬಣ್ಣದ ಗುಣವನ್ನು ಅಡುಗೆಮನೆಯಲ್ಲೇ ಪರೀಕ್ಷಿಸಿ, ಔಷಧದ ವಿಷಯದಲ್ಲಿ ಎಲ್ಲಿ ನಿಲ್ಲಬೇಕೆಂದು ತಿಳಿದು ಬಳಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಗುರುತು

ಲಿನೇಯಸ್ 1753ರಲ್ಲಿ ಈ ಬಳ್ಳಿಗೆ ಕೊಟ್ಟ ವೈಜ್ಞಾನಿಕ ಹೆಸರು ಕ್ಲೈಟೋರಿಯ ಟರ್ನೇಷಿಯ. ಎರಡನೆಯ ಪದ ಇಂಡೋನೇಷ್ಯಾದ ಟರ್ನಾಟೆ ದ್ವೀಪದಿಂದ ಬಂದದ್ದು. ಕನ್ನಡದಲ್ಲಿ ಶಂಖಪುಷ್ಪ, ಗಿರಿಕರ್ಣಿಕೆ ಎಂದೂ ಸಂಸ್ಕೃತದಲ್ಲಿ ಅಪರಾಜಿತಾ ಎಂದೂ ಕರೆಯುತ್ತಾರೆ. ಇದು ಅವರೆ, ಅಲಸಂದೆಗಳ ಕುಟುಂಬಕ್ಕೆ ಸೇರಿದೆ. ಒಂದು ಎಲೆದಂಟಿನಲ್ಲಿ ಸಾಮಾನ್ಯವಾಗಿ 5 ಅಥವಾ 7 ಕಿರುಎಲೆಗಳಿರುತ್ತವೆ. ಹೂವಿನ ದೊಡ್ಡ ದಳ ಅವರೆ ಹೂವಿನಲ್ಲಿರುವಂತೆ ಮೇಲಕ್ಕೆ ನಿಲ್ಲದೆ ಕೆಳಕ್ಕೆ ಹರಡಿಕೊಂಡಿರುತ್ತದೆ, ಅದರ ನಡುವೆ ಬಿಳಿ ಅಥವಾ ನಸುಹಳದಿ ಮಚ್ಚೆ ಇರುತ್ತದೆ. ಕಾಯಿ ಚಪ್ಪಟೆಯಾಗಿದ್ದು 5ರಿಂದ 10 ಸೆಂಟಿಮೀಟರ್ ಉದ್ದವಿರುತ್ತದೆ. ಒಂಟಿ ಸುತ್ತಿನ ಹೂವೂ ದಳ ಮಡಿಚಿಕೊಂಡ ಸುತ್ತುಹೂವೂ ಇದೇ ಜಾತಿಯವು. ಬಿಳಿ ಹೂವಿನ ಬಳ್ಳಿಯೂ ಇದೇ ಜಾತಿ.

ಗುರುತಿನ ವಿಷಯವನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮ ಬೇಲಿಗಳಲ್ಲಿ ಆಲಿಕೆಯ ಆಕಾರದ, ಹೃದಯದಂಥ ಎಲೆಯ ನೀಲಿ ಹೂಬಳ್ಳಿಗಳೂ ಹಬ್ಬುತ್ತವೆ. ಅವು ಐಪೋಮಿಯ ಕುಲಕ್ಕೆ ಸೇರಿದವು, ಅವುಗಳಲ್ಲಿ ಕೆಲವು ಜಾತಿಗಳ ಬೀಜದಲ್ಲಿ ಮಿದುಳಿನ ಮೇಲೆ ತೀವ್ರ ಪರಿಣಾಮ ಬೀರುವ ಆಲ್ಕಲಾಯ್ಡ್‌ಗಳಿವೆ. ಹೂ ನೀಲಿಯಾಗಿದೆ ಎಂಬ ಒಂದೇ ಕಾರಣಕ್ಕೆ ಯಾವ ಬಳ್ಳಿಯನ್ನೂ ಲೋಟಕ್ಕೆ ಹಾಕಬಾರದು. ಇನ್ನೊಂದು ಗೊಂದಲ ಹೆಸರಿನದು. ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ಶಂಖಪುಷ್ಪಿ ಎಂಬ ಸಿರಪ್ಪಿಗೆ ಭಾರತದ ಆಯುರ್ವೇದ ಔಷಧಕೋಶ ಗುರುತಿಸಿರುವ ಮೂಲ ಕನ್ವಾಲ್ವುಲಸ್ ಎಂಬ ನೆಲಕ್ಕೆ ಹರಡುವ ಬೇರೊಂದು ಗಿಡ. ಪುಟ್ಟ ನೀಲಿ ಹೂವಿನ ವಿಷ್ಣುಕ್ರಾಂತಿ ಮತ್ತೊಂದು. ಕೇರಳದಲ್ಲಿ ಮಾತ್ರ ನಮ್ಮ ಈ ಬಳ್ಳಿಯನ್ನೇ ಶಂಖಪುಷ್ಪಿ ಎಂದು ಬಳಸುವ ಪದ್ಧತಿಯಿದೆ. ಆದ್ದರಿಂದ ಶಂಖಪುಷ್ಪಿಯ ಬಗ್ಗೆ ಓದಿದ ಗುಣಗಳನ್ನೆಲ್ಲ ಬೇಲಿಯ ಶಂಖಪುಷ್ಪಕ್ಕೆ ಹೊರಿಸಬಾರದು.

ಬಿತ್ತನೆ ಮತ್ತು ಆರೈಕೆ

ಬೀಜದ ಸಿಪ್ಪೆ ಗಟ್ಟಿಯಾದ್ದರಿಂದ ನೀರು ಬೇಗ ಒಳಗೆ ಇಳಿಯುವುದಿಲ್ಲ. ಬೀಜವು ಕಾಯಿಗೆ ಅಂಟಿಕೊಂಡಿದ್ದ ಕಣ್ಣಿನ ಜಾಗವನ್ನು ಬಿಟ್ಟು ಅದರ ಎದುರು ಬದಿಯನ್ನು ಉಪ್ಪು ಕಾಗದದ ಮೇಲೆ ಎರಡು ಮೂರು ಸಲ ಉಜ್ಜಿ, ರಾತ್ರಿಯಿಡೀ ನೀರಿನಲ್ಲಿ ನೆನೆಸಬೇಕು. ಬೆಳಿಗ್ಗೆ ಉಬ್ಬಿರುವ ಬೀಜಗಳನ್ನು ಸುಮಾರು 1ರಿಂದ 2 ಸೆಂಟಿಮೀಟರ್ ಆಳದಲ್ಲಿ ಊರಿದರೆ ಒಂದೆರಡು ವಾರಗಳಲ್ಲಿ ಮೊಳಕೆ ಮೇಲೆ ಬರುತ್ತದೆ. ಉಬ್ಬದೆ ಉಳಿದವನ್ನು ಎಸೆಯದೆ ಮತ್ತೊಮ್ಮೆ ಉಜ್ಜಿ ನೆನೆಸಬಹುದು.

ಎಲ್ಲಿ, ಯಾವಾಗ ಬಿತ್ತಬೇಕೆಂಬುದು ನಮ್ಮ ಎರಡು ಜಿಲ್ಲೆಗಳೊಳಗೇ ಬದಲಾಗುತ್ತದೆ. ಕಡೂರು, ಅರಸೀಕೆರೆಗಳಂಥ ಬಯಲುಸೀಮೆಯ ಕಡೆ ಮುಂಗಾರಿನ ಮೊದಲ ಮಳೆಗೆ ಬಿತ್ತಿದರೆ ಬಳ್ಳಿ ತಾನಾಗಿಯೇ ಬೆಳೆದುಕೊಳ್ಳುತ್ತದೆ. ಅದಕ್ಕೆ ಬೇಕಾದದ್ದು ಬಿಸಿಲು ಮತ್ತು ನೀರು ನಿಲ್ಲದ ನೆಲ, ಎರಡೂ ಅಲ್ಲಿವೆ. ಮೂಡಿಗೆರೆ, ಸಕಲೇಶಪುರ, ಕೊಪ್ಪದ ಕಡೆ ಹಾಗಲ್ಲ. ಪುನರ್ವಸು, ಪುಷ್ಯ ಮಳೆಗಳು ಹಗಲಿರುಳು ಸುರಿಯುವಾಗ ಎಳೆಯ ಬಳ್ಳಿಯ ಬೇರು ಕೊಳೆಯುತ್ತದೆ, ಬಿಸಿಲು ಕಾಣದೆ ಹೂವೂ ಬಿಡುವುದಿಲ್ಲ. ಅಲ್ಲಿ ದೊಡ್ಡ ಮಳೆ ಮುಗಿದ ಮೇಲೆ, ಸೆಪ್ಟೆಂಬರ್ ಕೊನೆಯಲ್ಲಿ ಬಿತ್ತುವುದೋ ಅಥವಾ ಬೇಸಿಗೆಯ ಆರಂಭದಲ್ಲಿ ಕುಂಡದಲ್ಲಿ ಸಸಿ ಮಾಡಿಕೊಂಡು ಬಳ್ಳಿಯನ್ನು ಮಳೆಗೆ ಮೊದಲೇ ಬಲಿಯಲು ಬಿಡುವುದೋ ಲೇಸು. ಕಾಫಿ ತೋಟದ ಸಿಲ್ವರ್ ಓಕ್ ಮರಗಳ ನೆರಳಿನಲ್ಲಿ ಇದನ್ನು ಹಬ್ಬಿಸುವ ಆಸೆ ಬೇಡ. ಎಲೆ ಸೊಂಪಾಗಿ ಬರುತ್ತದೆ, ಹೂ ಬರುವುದಿಲ್ಲ.

ಗೊಬ್ಬರದ ಚಿಂತೆ ಕಡಿಮೆ. ಬೇರಿನ ಗಂಟುಗಳಲ್ಲಿ ವಾಸಿಸುವ ರೈಜೋಬಿಯಂ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಬಳ್ಳಿಗೆ ಒದಗಿಸುತ್ತವೆ. ಒಂದು ಗಂಟನ್ನು ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪು ಬಣ್ಣ ಕಂಡರೆ ಆ ಕೆಲಸ ನಡೆಯುತ್ತಿದೆ ಎಂದು ತಿಳಿಯಬಹುದು. ಯೂರಿಯಾ ಹಾಕಿದಷ್ಟೂ ಈ ಕೆಲಸ ಹಿಂದೆ ಬೀಳುತ್ತದೆ.

ಕಾಫಿ, ಅಡಿಕೆ, ಮೆಣಸಿನ ತೋಟದ ಅಂಚಿನಲ್ಲಿ ಬಳ್ಳಿಯಿದ್ದವರು ಒಂದು ವಿಷಯವನ್ನು ಮರೆಯಬಾರದು. ಮಳೆಗಾಲದ ಹಿಂದೆ ಮುಂದೆ ನಾವು ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತವೂ ಸುಣ್ಣವೂ ಇರುತ್ತವೆ. ಗಾಳಿಗೆ ತೂರಿ ಬಂದ ಆ ಹನಿ ದಳಗಳ ಮೇಲೆ ಕುಳಿತರೆ, ತಿನ್ನುವ ಹೂವಿನಲ್ಲಿ ತಾಮ್ರದ ಅಂಶ ಸೇರಿದಂತಾಗುತ್ತದೆ. ಸಿಂಪಡಣೆ ನಡೆಯುವ ಕಾಲದಲ್ಲಿ ಅಂಥ ಬಳ್ಳಿಯ ಹೂವನ್ನು ಪೂಜೆಗಷ್ಟೇ ಬಳಸಿ, ಕುಡಿಯಲು ಬಳಸಬೇಡಿ. ಹೆದ್ದಾರಿಯ ಪಕ್ಕದ ಬೇಲಿಯ ಹೂವಿಗೂ ಇದೇ ಮಾತು.

ಕೊಯ್ಲು ಮತ್ತು ಒಣಗಿಸುವಿಕೆ

ಹೂ ಬೆಳಿಗ್ಗೆ ಅರಳಿ ಮರುದಿನದ ಹೊತ್ತಿಗೆ ಮುದುಡುತ್ತದೆ. ಇಬ್ಬನಿ ಆರಿದ ಮೇಲೆ, ಬಿಸಿಲು ಬಲಿಯುವ ಮೊದಲು ಕೊಯ್ಯುವುದು ಸರಿಯಾದ ಸಮಯ. ತೊಟ್ಟಿನ ಹಸಿರು ಪುಷ್ಪಪಾತ್ರೆಯನ್ನು ಬಿಡಿಸಿ ತೆಗೆದು ದಳಗಳನ್ನಷ್ಟೇ ಇಟ್ಟುಕೊಂಡರೆ ಹಸಿವಾಸನೆ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ.

ಒಣಗಿಸುವಾಗ ನಮ್ಮ ಕಾಫಿ ಕಣದ ಅಭ್ಯಾಸ ದಾರಿ ತಪ್ಪಿಸುತ್ತದೆ. ಕಾಫಿಗೆ ಬೇಕಾದ ನೇರ ಬಿಸಿಲು ಈ ಹೂವಿಗೆ ಶತ್ರು. ಬೆಳಕು, ಬಿಸಿ ಮತ್ತು ಆಮ್ಲಜನಕ ಮೂರೂ ಸೇರಿದಾಗ ನೀಲಿ ಬಣ್ಣದ ಅಣುಗಳು ಒಡೆಯುತ್ತವೆ. ಮೊರದ ಮೇಲೆ ತೆಳುವಾದ ಬಿಳಿ ಬಟ್ಟೆ ಹಾಸಿ, ಒಂದರ ಮೇಲೊಂದು ಬೀಳದಂತೆ ದಳಗಳನ್ನು ಹರಡಿ, ಗಾಳಿಯಾಡುವ ನೆರಳಿನಲ್ಲಿ ಇಡಬೇಕು. ಬಯಲುಸೀಮೆಯಲ್ಲಿ ಎರಡು ಮೂರು ದಿನಕ್ಕೆ ಹಪ್ಪಳದಂತೆ ಗರಿಗರಿಯಾಗುತ್ತದೆ. ಮಲೆನಾಡಿನಲ್ಲಿ ಮಳೆಗಾಲದ ಗಾಳಿಯೇ ಒದ್ದೆಯಾಗಿರುವುದರಿಂದ ನೆರಳಿನ ಒಣಗಿಕೆ ನಂಬತಕ್ಕದ್ದಲ್ಲ. ನಾನು ಮೊದಲ ವರ್ಷ ಜುಲೈ ತಿಂಗಳಲ್ಲಿ ಜಗಲಿಯಲ್ಲಿ ಹರಡಿದ ಹೂವು ಮೇಲುನೋಟಕ್ಕೆ ಒಣಗಿದಂತೆ ಕಂಡಿತು, ಡಬ್ಬಿಗೆ ತುಂಬಿದ ಎಂಟೇ ದಿನಕ್ಕೆ ಬೂಷ್ಟು ಹಿಡಿದು ಎಲ್ಲವನ್ನೂ ಗೊಬ್ಬರದ ಗುಂಡಿಗೆ ಹಾಕಬೇಕಾಯಿತು. ಬೂಷ್ಟು ಹಿಡಿದ ಹೂವನ್ನು ಬಿಸಿಲಿಗಿಟ್ಟು ಸರಿಪಡಿಸಲು ಹೋಗಬಾರದು, ಏಕೆಂದರೆ ಕೆಲವು ಶಿಲೀಂಧ್ರಗಳು ಬಿಡುವ ವಿಷ ಒಣಗಿಸಿದರೂ ಕುದಿಸಿದರೂ ಹೋಗುವುದಿಲ್ಲ.

ಅಂಥ ಕಾಲದಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ತಾಗದಂತೆ ಇಡಬಹುದು, ಇಲ್ಲವೇ ಹಣ್ಣು ಒಣಗಿಸುವ ವಿದ್ಯುತ್ ಯಂತ್ರವನ್ನು 50 ಡಿಗ್ರಿ ಸೆಲ್ಸಿಯಸ್ ಮೀರದಂತೆ ಬಳಸಬಹುದು. ಒಣಗಿತೇ ಎಂದು ತಿಳಿಯಲು ಕೈಯ ಅಂದಾಜು ಸಾಲದು. ತೋಟದವರು ಕಾಫಿ ಬೀಜದ ಹದವನ್ನು ತೂಕದಿಂದ ನಿರ್ಧರಿಸುವಂತೆ ಇಲ್ಲಿಯೂ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿ, ಎರಡು ದಿನಗಳ ತೂಕ ಒಂದೇ ಆಗಿ ನಿಂತಾಗ ಗಾಜಿನ ಬಾಟಲಿಗೆ ತುಂಬಿ ಕತ್ತಲ ಕಪಾಟಿನಲ್ಲಿಡಬೇಕು. ಹತ್ತು ಗ್ರಾಂ ಹಸಿ ದಳ ಒಣಗಿ ಸುಮಾರು ಒಂದು ಗ್ರಾಮಿಗೆ ಇಳಿಯುತ್ತದೆ.

ನೀಲಿ ಹೇಗೆ ನಿಂತಿದೆ

ಈ ಬಳ್ಳಿಯ ರಸಾಯನಶಾಸ್ತ್ರದಲ್ಲಿ ಎಲ್ಲಕ್ಕಿಂತ ಸೊಗಸಾದದ್ದು ಅದರ ನೀಲಿ. ಜಂಬುನೇರಳೆ, ಬದನೆಸಿಪ್ಪೆ, ಕೆಂಪು ದಾಸವಾಳ ಇವುಗಳ ಬಣ್ಣಕ್ಕೆ ಕಾರಣವಾದ ಆಂಥೋಸಯನಿನ್ ಎಂಬ ಬಣ್ಣವಸ್ತುಗಳ ಗುಂಪೇ ಇಲ್ಲೂ ಇದೆ. ಆದರೆ ಸಾಮಾನ್ಯ ಆಂಥೋಸಯನಿನ್ ಆಮ್ಲದಲ್ಲಿ ಮಾತ್ರ ಗಟ್ಟಿಯಾಗಿ ನಿಲ್ಲುತ್ತದೆ. ಹುಳಿಯೂ ಅಲ್ಲದ ಕ್ಷಾರವೂ ಅಲ್ಲದ ನೀರಿನಲ್ಲಿ ನೀರಿನ ಅಣು ಅದರ ನಡುವಿನ ಉಂಗುರಕ್ಕೆ ಬಂದು ಸೇರಿ, ಬಣ್ಣವಿಲ್ಲದ ರೂಪಕ್ಕೆ ತಿರುಗಿಸಿಬಿಡುತ್ತದೆ. ಹಾಗಿರುವಾಗ ಶಂಖಪುಷ್ಪದ ನೀಲಿ ಬರಿಯ ನೀರಿನಲ್ಲಿ ಗಂಟೆಗಟ್ಟಲೆ ಉಳಿಯುವುದು ಹೇಗೆ ಎಂಬ ಪ್ರಶ್ನೆಗೆ 1980 ಮತ್ತು 1990ರ ದಶಕಗಳಲ್ಲಿ ಜಪಾನಿನ ರಸಾಯನಶಾಸ್ತ್ರಜ್ಞರು ಉತ್ತರ ಕಂಡುಕೊಂಡರು. ಅವರು ಬಿಡಿಸಿದ ಬಣ್ಣದ ಅಣುಗಳಿಗೆ ಟರ್ನಾಟಿನ್ ಎಂಬ ಹೆಸರು ಬಂದಿದೆ.

ಟರ್ನಾಟಿನ್ನಿನ ನಡುವೆ ಡೆಲ್ಫಿನಿಡಿನ್ ಎಂಬ ಚಪ್ಪಟೆಯ ಬಣ್ಣದ ಭಾಗವಿದೆ. ಅದರ ಮೂರು ಕಡೆಗಳಲ್ಲಿ ಗ್ಲೂಕೋಸ್ ಅಣುಗಳು ಸೇರಿಕೊಂಡಿವೆ, ಎರಡು ಕಡೆಯ ಗ್ಲೂಕೋಸಿನ ಮುಂದೆ ಕೌಮಾರಿಕ್ ಆಮ್ಲ, ಮತ್ತೆ ಗ್ಲೂಕೋಸ್, ಮತ್ತೆ ಕೌಮಾರಿಕ್ ಆಮ್ಲ ಹೀಗೆ ಸರಪಣಿ ಬೆಳೆದಿದೆ. ಇವುಗಳಲ್ಲಿ ದೊಡ್ಡದಾದ ಟರ್ನಾಟಿನ್ ಎ1 ಎಂಬುದರಲ್ಲಿ 7 ಗ್ಲೂಕೋಸ್, 4 ಕೌಮಾರಿಕ್ ಆಮ್ಲ ಮತ್ತು 1 ಮಲೋನಿಕ್ ಆಮ್ಲದ ತುಣುಕುಗಳಿದ್ದು, ಅದರ ಅಣುತೂಕ ಸುಮಾರು 2,100 ಆಗುತ್ತದೆ. ಗ್ಲೂಕೋಸಿನ ಅಣುತೂಕ 180 ಎಂಬುದನ್ನು ನೆನೆದರೆ ಇದರ ಗಾತ್ರ ಅರ್ಥವಾದೀತು. ಉದ್ದವಾದ ಆ ಎರಡು ಸರಪಣಿಗಳು ಹಿಂದಕ್ಕೆ ಬಾಗಿ, ಕೌಮಾರಿಕ್ ಆಮ್ಲದ ಚಪ್ಪಟೆ ಉಂಗುರಗಳು ನಡುವಿನ ಬಣ್ಣದ ಭಾಗದ ಮೇಲೂ ಕೆಳಗೂ ಮುಚ್ಚಳದಂತೆ ಕೂರುತ್ತವೆ. ನೀರಿನ ಅಣು ನುಗ್ಗಲು ದಾರಿ ಸಿಗದಿರುವುದರಿಂದ ಬಣ್ಣ ಉಳಿಯುತ್ತದೆ.

ನಮ್ಮ ಊರಿನ ಎಸ್ಟೇಟ್ ಬಂಗಲೆಗಳ ಮುಂದೆ ಬೆಳೆಯುವ ಹೈಡ್ರೇಂಜಿಯವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ವಿಷಯ ಇನ್ನಷ್ಟು ತಿಳಿಯಾಗುತ್ತದೆ. ಅದರಲ್ಲಿಯೂ ಇರುವುದು ಡೆಲ್ಫಿನಿಡಿನ್ನಿನ ಬಣ್ಣವೇ. ಆದರೆ ಅದು ನೀಲಿಯಾಗಲು ಹುಳಿ ಮಣ್ಣಿನಿಂದ ಅಲ್ಯೂಮಿನಿಯಂ ಬಂದು ಜೊತೆ ಸೇರಬೇಕು. ಸುಣ್ಣ ಹಾಕಿದ ಮಣ್ಣಿನಲ್ಲಿ ಅದೇ ಗಿಡ ಗುಲಾಬಿ ಹೂ ಬಿಡುತ್ತದೆ. ಶಂಖಪುಷ್ಪಕ್ಕೆ ಲೋಹದ ಹಂಗಿಲ್ಲ. ಮಲೆನಾಡಿನ ಹುಳಿ ಮಣ್ಣಿನಲ್ಲಿಯೂ ಅರಸೀಕೆರೆಯ ಸುಣ್ಣಕಲ್ಲಿನ ಗುಣದ ಮಣ್ಣಿನಲ್ಲಿಯೂ ಅದು ಒಂದೇ ನೀಲಿಯನ್ನು ತಾನೇ ಕಟ್ಟಿಕೊಳ್ಳುತ್ತದೆ.

ಇದನ್ನು ಕಣ್ಣಾರೆ ನೋಡಲು ಐದು ಗಾಜಿನ ಲೋಟ ಸಾಕು. ನೀರು ಕುದಿಸಿ, ಒಲೆ ಆರಿಸಿ, ಎರಡು ನಿಮಿಷ ಬಿಟ್ಟು, ಒಂದು ಲೀಟರಿಗೆ ಸುಮಾರು ಇಪ್ಪತ್ತು ಹೂವಿನ ದಳ ಹಾಕಿ ಐದಾರು ನಿಮಿಷದ ನಂತರ ಸೋಸಿಕೊಳ್ಳಿ. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಸುಮಾರು 96 ಡಿಗ್ರಿಯಲ್ಲೇ ಕುದಿಯುತ್ತದೆ. ಹಾಗಿದ್ದರೂ ಹೂವನ್ನು ಹಾಕಿ ಮತ್ತೆ ಕುದಿಸಬೇಡಿ, ದಳ ಬೆಳ್ಳಗಾಗುವ ಹೊತ್ತಿಗೆ ಬಣ್ಣವೆಲ್ಲ ನೀರಿಗೆ ಇಳಿದಿರುತ್ತದೆ, ಆಮೇಲಿನ ಕುದಿ ಬಣ್ಣವನ್ನು ಕೆಡಿಸುವುದಕ್ಕೆ ಮಾತ್ರ. ಕಬ್ಬಿಣದ ಪಾತ್ರೆ ಬೇಡ, ಸ್ಟೀಲ್ ಅಥವಾ ಗಾಜು ಇರಲಿ.

ಮೊದಲ ಲೋಟವನ್ನು ಹಾಗೆಯೇ ಇಡಿ. ಎರಡನೆಯದಕ್ಕೆ ನಿಂಬೆ ಅಥವಾ ಹೇರಳೆ ರಸ ಹನಿಸುತ್ತ ಹೋದರೆ ನೀಲಿ ನೇರಳೆಯಾಗಿ, ಹುಳಿ ಹೆಚ್ಚಿದಂತೆ ಗುಲಾಬಿ ಕಡೆಗೆ ತಿರುಗುತ್ತದೆ. ಬಣ್ಣದ ಅಣು ಒಂದು ಹೈಡ್ರೋಜನ್ ಅಯಾನನ್ನು ಹಿಡಿದುಕೊಂಡು ಫ್ಲೇವಿಲಿಯಂ ಎಂಬ ಕೆಂಪು ರೂಪಕ್ಕೆ ಬರುವುದೇ ಇದಕ್ಕೆ ಕಾರಣ. ಮೂರನೆಯದಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕಿದರೆ ನೀಲಿಯಲ್ಲಿ ಹಸಿರು ಛಾಯೆ ಕಾಣುತ್ತದೆ. ನಾಲ್ಕನೆಯದಕ್ಕೆ ಎಲೆಅಡಿಕೆಯ ಸುಣ್ಣವನ್ನು ನೀರಿನಲ್ಲಿ ಕದಡಿ, ತಿಳಿಯಾದ ಮೇಲ್ನೀರನ್ನು ಹಾಕಿದರೆ ಹಸಿರಾಗಿ, ಸ್ವಲ್ಪ ಹೊತ್ತಿನಲ್ಲಿ ಹಳದಿಗೆ ತಿರುಗುತ್ತದೆ. ಪರೀಕ್ಷೆಯ ಈ ಲೋಟಗಳನ್ನು ಕುಡಿಯಬಾರದು. ಹಸಿರಾದ ಕೂಡಲೇ ನಿಂಬೆ ಹಿಂಡಿದರೆ ಬಣ್ಣ ಮರಳಿ ಬರುತ್ತದೆ, ರಾತ್ರಿಯಿಡೀ ಬಿಟ್ಟು ಹಳದಿಯಾದ ಮೇಲೆ ಎಷ್ಟು ಹಿಂಡಿದರೂ ಮೊದಲಿನ ಗುಲಾಬಿ ಬರುವುದಿಲ್ಲ. ಮೊದಲನೆಯದು ಅಣುವಿನ ವೇಷ ಬದಲಾವಣೆ, ಎರಡನೆಯದು ಅಣುವಿನ ಒಡೆತ. ಹೈಸ್ಕೂಲು ಮಕ್ಕಳಿಗೆ ಹಿಂಬದಲಾಗುವ ಕ್ರಿಯೆಯನ್ನೂ ಹಿಂಬದಲಾಗದ ಕ್ರಿಯೆಯನ್ನೂ ಒಂದೇ ಲೋಟದಲ್ಲಿ ತೋರಿಸಲು ಇದಕ್ಕಿಂತ ಒಳ್ಳೆಯ ವಸ್ತುವನ್ನು ನಾನು ಕಂಡಿಲ್ಲ. ಗಟ್ಟಿಯಾದ ಕಷಾಯದಲ್ಲಿ ಸೋಸುಕಾಗದವನ್ನು ಅದ್ದಿ ನೆರಳಿನಲ್ಲಿ ಒಣಗಿಸಿ ಪಟ್ಟಿ ಕತ್ತರಿಸಿಕೊಂಡರೆ ಲಿಟ್ಮಸ್ ಬದಲಿಗೆ ಬಳಸಬಹುದು.

ಐದನೆಯ ಲೋಟ ಬಿಳಿ ಶಂಖಪುಷ್ಪದ್ದು. ಅದರ ಕಷಾಯಕ್ಕೆ ಬಣ್ಣವೇ ಇಲ್ಲದಂತೆ ಕಾಣುತ್ತದೆ. ಸುಣ್ಣದ ತಿಳಿನೀರು ಹಾಕಿದಾಗ ಹಳದಿ ಏಳುತ್ತದೆ. ಬಿಳಿ ಹೂವಿನಲ್ಲಿ ಟರ್ನಾಟಿನ್ ಇಲ್ಲ, ಆದರೆ ಕೆಂಫೆರಾಲ್, ಕ್ವೆರ್ಸೆಟಿನ್ ಗುಂಪಿನ ಫ್ಲೇವನಾಲ್‌ಗಳು ಇವೆ, ಕ್ಷಾರದಲ್ಲಿ ಹಳದಿಯಾಗುವವು ಅವೇ. ನೀಲಿ ಹೂವಿನಲ್ಲಿ ಎರಡೂ ಇವೆ. ಬಿಳಿಯದಕ್ಕೇ ಶಕ್ತಿ ಹೆಚ್ಚು ಎಂಬ ನಂಬಿಕೆ ನಮ್ಮ ಕಡೆ ಇದೆಯಾದರೂ, ಹೂವಿನ ಬಣ್ಣವಸ್ತುಗಳ ಮಟ್ಟಿಗೆ ಬಿಳಿಯದರಲ್ಲಿ ಇರುವುದು ಕಡಿಮೆಯೇ.

ಮನೆಯ ನೀರಿನ ಗುಣವೂ ಲೋಟದಲ್ಲಿ ಕಾಣುತ್ತದೆ. ಬಯಲುಸೀಮೆಯ ಬೋರ್‌ವೆಲ್ ನೀರನ್ನು ಕುದಿಸಿದಾಗ ಅದರಲ್ಲಿದ್ದ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಿ ಕ್ಷಾರತೆ ಏರುವುದರಿಂದ ಕಷಾಯಕ್ಕೆ ಹಸಿರು ಮಿಶ್ರಿತ ನೀಲಿ ಬರಬಹುದು. ಹೂ ಕೆಟ್ಟಿದೆ ಎಂದು ತಿಳಿಯಬೇಕಾಗಿಲ್ಲ.

ಅಡುಗೆಯಲ್ಲಿ

ಥಾಯ್ಲೆಂಡ್ ಮತ್ತು ಮಲೇಷ್ಯಾಗಳಲ್ಲಿ ಅನ್ನಕ್ಕೂ ತಿಂಡಿಗೂ ಪಾನೀಯಕ್ಕೂ ಈ ನೀಲಿಯನ್ನು ಬಹುಕಾಲದಿಂದ ಬಳಸುತ್ತಾರೆ. ನಮ್ಮಲ್ಲಿ ಅಕ್ಕಿತರಿ ಕಡುಬಿನ ಎಸರಿಗೆ ಅಥವಾ ಒತ್ತು ಶ್ಯಾವಿಗೆಯ ಹಿಟ್ಟಿಗೆ ಈ ಕಷಾಯ ಚೆನ್ನಾಗಿ ಹೊಂದುತ್ತದೆ. ಹುಳಿಯಿಲ್ಲದ ಹಿಟ್ಟಾದ್ದರಿಂದ ನೀಲಿ ನೀಲಿಯಾಗಿಯೇ ಉಳಿಯುತ್ತದೆ. ಇಡ್ಲಿ ಹಿಟ್ಟಿಗೆ ಹಾಕಿದರೆ ಹುಳಿಯಿಂದ ನೇರಳೆಯ ಕಡೆಗೆ ಹೋಗುತ್ತದೆ. ಪಾನಕಕ್ಕೆ ಬೆಲ್ಲದ ಕಂದು ಬಣ್ಣ ಎಲ್ಲವನ್ನೂ ಮುಚ್ಚುವುದರಿಂದ ಸಕ್ಕರೆ ಪಾನಕವೇ ಸರಿ, ನಿಂಬೆಯನ್ನು ಬಡಿಸುವಾಗ ಹಿಂಡಿದರೆ ಮಕ್ಕಳಿಗೆ ಬಣ್ಣ ಬದಲಾಗುವುದನ್ನು ನೋಡುವ ಸಂತೋಷವೂ ಸಿಗುತ್ತದೆ. ಹೂವಿಗೆ ತನ್ನದೇ ಆದ ರುಚಿ ಇಲ್ಲವೆಂದೇ ಹೇಳಬೇಕು.

ಔಷಧದ ಮಾತು

ಹೂವಿನ ಕಷಾಯದ ಬಗ್ಗೆ ಮನುಷ್ಯರ ಮೇಲೆ ನಡೆದ ಪ್ರಯೋಗಗಳು ಕೆಲವೇ. 2018ರಲ್ಲಿ ಪ್ರಕಟವಾದ ಥಾಯ್ಲೆಂಡಿನ ಒಂದು ಅಧ್ಯಯನದಲ್ಲಿ 15 ಮಂದಿ ಆರೋಗ್ಯವಂತ ಪುರುಷರಿಗೆ ಸಕ್ಕರೆಯ ಜೊತೆ 1 ಅಥವಾ 2 ಗ್ರಾಂ ಹೂವಿನ ಸಾರವನ್ನು ಕೊಟ್ಟಾಗ, ಬರಿಯ ಸಕ್ಕರೆ ಕುಡಿದಾಗಿನಷ್ಟು ರಕ್ತದ ಗ್ಲೂಕೋಸ್ ಅರ್ಧ ಗಂಟೆಯ ಹೊತ್ತಿಗೆ ಏರಲಿಲ್ಲ. ಇದು ಆಶಾದಾಯಕ ಫಲಿತಾಂಶ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಪ್ರಯೋಗಕ್ಕೆ ಒಳಗಾದವರು ಮಧುಮೇಹಿಗಳಲ್ಲ, ಅಳೆದದ್ದು ಒಂದು ಹೊತ್ತಿನ ಪರಿಣಾಮವನ್ನು, ಕೊಟ್ಟದ್ದು ಸಾಂದ್ರಗೊಳಿಸಿದ ಸಾರವನ್ನು. ನಾಲ್ಕು ಹೂ ಹಾಕಿದ ನಮ್ಮ ಲೋಟವನ್ನಲ್ಲ. ಇದನ್ನು ನಂಬಿ ಮಾತ್ರೆ ನಿಲ್ಲಿಸುವುದು ಪ್ರಾಣಕ್ಕೆ ಅಪಾಯ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಕಷಾಯವನ್ನು ದಿನವೂ ಕುಡಿಯುವ ಮೊದಲು ವೈದ್ಯರಿಗೆ ತಿಳಿಸಬೇಕು.

ಟರ್ನಾಟಿನ್‌ಗಳಿಗೆ ಉತ್ಕರ್ಷಣವನ್ನು ತಡೆಯುವ ಗುಣವಿದೆ ಎಂದು ಪರೀಕ್ಷಾನಳಿಕೆಯಲ್ಲಿ ತೋರಿಸುವುದು ಸುಲಭ. ಅಷ್ಟು ದೊಡ್ಡ ಅಣು ಕರುಳಿನ ಗೋಡೆಯನ್ನು ದಾಟಿ ಇದ್ದ ರೂಪದಲ್ಲೇ ರಕ್ತಕ್ಕೆ ಸೇರುವುದು ಕಷ್ಟ. ಆಂಥೋಸಯನಿನ್‌ಗಳ ಬಹುಪಾಲು ಕರುಳಿನ ಬ್ಯಾಕ್ಟೀರಿಯಾಗಳ ಕೈಯಲ್ಲಿ ಒಡೆದು ಸಣ್ಣ ಫಿನಾಲಿಕ್ ಆಮ್ಲಗಳಾಗುತ್ತವೆ. ಆದ್ದರಿಂದ ನಳಿಕೆಯಲ್ಲಿ ಕಂಡ ಗುಣವನ್ನು ಮೈಯೊಳಗಿನ ಗುಣವೆಂದು ಓದಬಾರದು.

ಬೇರಿನ ಕಥೆ ಬೇರೆಯೇ. ನೆನಪಿನ ಶಕ್ತಿಯ ಮಾತಿಗೆ ಆಧಾರವಾಗಿ ಉಲ್ಲೇಖಿಸುವ ಸಂಶೋಧನೆ ನಮ್ಮ ರಾಜ್ಯದಲ್ಲೇ, ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ನಡೆದು 2001ರಲ್ಲಿ ಪ್ರಕಟವಾಯಿತು. ಬೇರಿನ ನೀರಿನ ಸಾರವನ್ನು ಎಳೆಯ ಇಲಿಮರಿಗಳಿಗೆ ಕೊಟ್ಟಾಗ ಅವುಗಳ ಕಲಿಕೆ ಮತ್ತು ನೆನಪು ಉತ್ತಮಗೊಂಡದ್ದನ್ನು ಸಂಶೋಧಕರು ಕಂಡರು. ಮುಂದಿನ ಸಂಶೋಧನೆಗೆ ಅದು ಒಳ್ಳೆಯ ಕಾರಣ. ಮನೆಯ ಮಗುವಿಗೆ ಬೇರನ್ನು ತೇಯ್ದು ನೆಕ್ಕಿಸಲು ಅದು ಕಾರಣವಾಗಲಾರದು. ಬೇರಿನಲ್ಲಿರುವ ಟ್ಯಾರಕ್ಸೆರಾಲ್ ಎಂಬ ಟ್ರೈಟರ್ಪೀನಾಯ್ಡ್ ಗುಂಪಿನ ವಸ್ತು ನೀರಿನಲ್ಲಿ ಕರಗುವಂಥದ್ದಲ್ಲ, ಅದು ಮದ್ಯಸಾರದಂಥ ದ್ರವಗಳಲ್ಲಿ ಇಳಿಯುತ್ತದೆ. ನೀರಿನ ಸಾರದ ಫಲಿತಾಂಶ ಒಂದು, ಟ್ಯಾರಕ್ಸೆರಾಲ್ ಹೆಸರಿನಲ್ಲಿ ಹೇಳುವ ಗುಣ ಇನ್ನೊಂದು. ಇವೆರಡನ್ನೂ ಕಲಸಿ ಹೇಳುವುದನ್ನು ಪದೇ ಪದೇ ಕೇಳುತ್ತೇನೆ. ಬೇರು ಮತ್ತು ಬೀಜಗಳು ವಿರೇಚಕ ಎಂಬುದನ್ನು ಆಯುರ್ವೇದವೂ ಹೇಳುತ್ತದೆ. ಅವುಗಳನ್ನು ಬಲ್ಲ ವೈದ್ಯರು ಕೊಡಬೇಕೇ ಹೊರತು ಹಿತ್ತಲಿನಿಂದ ಕಿತ್ತು ತಿನ್ನುವಂತಿಲ್ಲ.

ಈ ಬಳ್ಳಿಯಲ್ಲಿ ವಿಜ್ಞಾನಿಗಳನ್ನು ಇತ್ತೀಚೆಗೆ ಹೆಚ್ಚು ಸೆಳೆದಿರುವುದು ಸೈಕ್ಲೋಟೈಡ್ ಎಂಬ ಪುಟ್ಟ ಪ್ರೋಟೀನುಗಳು. ಸುಮಾರು 30 ಅಮೈನೋ ಆಮ್ಲಗಳ ಸರಪಣಿಯ ಎರಡೂ ತುದಿಗಳು ಸೇರಿ ಬಳೆಯಂತಾಗಿ, ಒಳಗೆ ಮೂರು ಗಂಧಕದ ಕಟ್ಟುಗಳು ಗಂಟು ಬಿಗಿದಿರುತ್ತವೆ. ತುದಿಯೇ ಇಲ್ಲದ ಕಾರಣ ಜೀರ್ಣರಸದ ಕಿಣ್ವಗಳಿಗೂ ಕುದಿನೀರಿಗೂ ಅವು ಬೇಗ ಬಗ್ಗುವುದಿಲ್ಲ. ಶಂಖಪುಷ್ಪದಲ್ಲಿ ಅವು ಇರುವುದು 2011ರಲ್ಲಿ ತಿಳಿಯಿತು, ಅವರೆಯ ಕುಟುಂಬದಲ್ಲಿ ಇದು ಮೊದಲ ಉದಾಹರಣೆ. ತುದಿಗಳನ್ನು ಬೆಸೆಯುವ ಬ್ಯುಟಿಲೇಸ್-1 ಎಂಬ ಕಿಣ್ವವನ್ನು 2014ರಲ್ಲಿ ಸಿಂಗಪುರದ ಸಂಶೋಧಕರು ಇದೇ ಬಳ್ಳಿಯ ಕಾಯಿಯಿಂದ ಬಿಡಿಸಿದರು. ಹೊಸ ಔಷಧಗಳಿಗೆ ಬೇಕಾದ ಪೆಪ್ಟೈಡ್‌ಗಳನ್ನು (ಅಮೈನೋ ಆಮ್ಲಗಳ ಕಿರುಸರಪಣಿಗಳನ್ನು) ಬಳೆಯಾಗಿಸಲು ಅದು ಪ್ರಯೋಗಾಲಯಗಳಲ್ಲಿ ಉಪಯೋಗಕ್ಕೆ ಬಂದಿದೆ. ಬಳ್ಳಿಗೆ ಸೈಕ್ಲೋಟೈಡ್ ಬೇಕಾದದ್ದು ಹುಳುಗಳಿಂದ ರಕ್ಷಣೆಗೆ. ಆಸ್ಟ್ರೇಲಿಯಾದಲ್ಲಿ ಈ ಬಳ್ಳಿಯ ಸಾರದಿಂದಲೇ ಹತ್ತಿ ಬೆಳೆಗೆ ಹೊಡೆಯುವ ಕೀಟನಾಶಕವನ್ನು ತಯಾರಿಸಿದ್ದಾರೆ. ನನ್ನ ಮಟ್ಟಿಗೆ ಈ ಬಳ್ಳಿಯ ನಿಜವಾದ ಔಷಧೀಯ ಭವಿಷ್ಯ ಟೀ ಲೋಟಕ್ಕಿಂತ ಹೆಚ್ಚಾಗಿ ಇಲ್ಲಿದೆ.

ಇದೇ ಸೈಕ್ಲೋಟೈಡ್ ಎಚ್ಚರಿಕೆಗೂ ಕಾರಣ. ಈ ಗುಂಪಿನ ಮೊದಲ ಅಣು ಪತ್ತೆಯಾದದ್ದು ಕಾಂಗೋದಲ್ಲಿ. ಅಲ್ಲಿನ ಹೆಂಗಸರು ಹೆರಿಗೆ ಬೇಗ ಆಗಲೆಂದು ಬೇರೊಂದು ಗಿಡದ ಕಷಾಯ ಕುಡಿಯುವುದನ್ನು ನಾರ್ವೆಯ ವೈದ್ಯ ಲೊರೆಂಟ್ಸ್ ಗ್ರಾನ್ ಗಮನಿಸಿ, ಗರ್ಭಕೋಶವನ್ನು ಸಂಕುಚಿಸುವ ಪೆಪ್ಟೈಡನ್ನು ಅದರಿಂದ ಬೇರ್ಪಡಿಸಿದರು. ಶಂಖಪುಷ್ಪದ ಸೈಕ್ಲೋಟೈಡ್‌ಗಳೂ ಅದೇ ಮನೆತನದವು. ಆದ್ದರಿಂದ ಗರ್ಭಿಣಿಯರು, ಬಾಣಂತಿಯರು ಮತ್ತು ಎಳೆಯ ಮಕ್ಕಳಿಗೆ ಈ ಕಷಾಯವನ್ನು ನಾನು ಕೊಡುವುದಿಲ್ಲ, ಕೊಡಬೇಡಿ ಎಂದೇ ಹೇಳುತ್ತೇನೆ. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 2021ರಲ್ಲಿ ಹೂವಿನ ಸಾರವನ್ನು ಆಹಾರದ ಬಣ್ಣವಾಗಿ ಒಪ್ಪಿತು. ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2022ರಲ್ಲಿ ಒಣಗಿದ ಇಡೀ ಹೂವನ್ನು ಆಹಾರವಾಗಿ ಮಾರುವುದಕ್ಕೆ ಸುರಕ್ಷತೆಯ ಆಕ್ಷೇಪ ಎತ್ತಿತು, ಸೈಕ್ಲೋಟೈಡ್ ಕುರಿತ ಕಳವಳವೂ ಅದರಲ್ಲಿ ಸೇರಿತ್ತು. ಎರಡು ತೀರ್ಮಾನಗಳು ಪರಸ್ಪರ ವಿರುದ್ಧವೆಂದು ತೋರಿದರೂ ಅವು ನೋಡಿದ ವಸ್ತುಗಳು ಬೇರೆ: ಒಂದು ಸೋಸಿ ಶುದ್ಧಗೊಳಿಸಿದ ಬಣ್ಣ, ಇನ್ನೊಂದು ಇಡೀ ಹೂ.

ನಮ್ಮ ಮನೆಯ ಪದ್ಧತಿ ಇಷ್ಟು. ಆರೋಗ್ಯವಾಗಿರುವ ದೊಡ್ಡವರು ವಾರಕ್ಕೆ ಎರಡು ಮೂರು ಸಲ, ಒಂದು ಲೋಟಕ್ಕೆ ನಾಲ್ಕೈದು ಹೂವಿನ ದಳದ ತೆಳು ಕಷಾಯ ಕುಡಿಯುತ್ತೇವೆ, ದಳಗಳನ್ನು ಸೋಸಿ ಬಿಡುತ್ತೇವೆ. ಯಾರಿಗಾದರೂ ಹೊಟ್ಟೆ ತೊಳೆಸಿದರೆ ಅಥವಾ ಭೇದಿಯಾದರೆ ಅಲ್ಲಿಗೆ ನಿಲ್ಲಿಸುತ್ತೇವೆ. ಶಸ್ತ್ರಚಿಕಿತ್ಸೆ ಗೊತ್ತಾಗಿರುವವರು, ದೀರ್ಘಕಾಲದ ಔಷಧ ಸೇವಿಸುವವರು ಮೊದಲು ವೈದ್ಯರನ್ನು ಕೇಳಬೇಕು. ಹೂವಿನ ರಸವನ್ನು ಕಣ್ಣಿಗೆ ಹಿಂಡುವುದು, ಬೇರಿನ ರಸವನ್ನು ತಲೆನೋವಿಗೆಂದು ಮೂಗಿಗೆ ಬಿಡುವುದು ಈ ಎರಡನ್ನೂ ಯಾರೂ ಮಾಡಬಾರದು. ತೋಟದಿಂದ ಬಂದ ಹೂವಿನಲ್ಲಿ ಬ್ಯಾಕ್ಟೀರಿಯಾ, ಶಿಲೀಂಧ್ರ ಇದ್ದೇ ಇರುತ್ತವೆ, ಕಣ್ಣಿನ ಕರಿಗುಡ್ಡೆಯ ಮುಂದಿನ ಪಾರದರ್ಶಕ ಪದರಕ್ಕೆ ಸೋಂಕು ತಗುಲಿದರೆ ದೃಷ್ಟಿಯೇ ಹೋಗಬಹುದು.

ಮುಂದಿನ ಬಿತ್ತನೆಗೆ ಬೀಜ ಬೇಕಾದರೆ, ಹೂ ಕೊಯ್ಯುವುದನ್ನು ಒಂದೆರಡು ಬಳ್ಳಿಗಳಲ್ಲಿ ನಿಲ್ಲಿಸಿ ಕಾಯಿ ಕಟ್ಟಲು ಬಿಡಿ. ಕಾಯಿ ಹುಲ್ಲಿನ ಬಣ್ಣಕ್ಕೆ ತಿರುಗಿ ಒಣಗುತ್ತಲೇ ಕೊಯ್ಯಬೇಕು, ತಡವಾದರೆ ಅದು ಬಿಸಿಲಿಗೆ ಸಿಡಿದು ತಿರುಚಿಕೊಂಡು ಬೀಜವನ್ನು ಬೇಲಿಯ ಬುಡಕ್ಕೆ ಚೆಲ್ಲುತ್ತದೆ. ನೀಲಿಯ ಮತ್ತು ಬಿಳಿಯ ಬೀಜಗಳನ್ನು ಬೇರೆ ಬೇರೆ ಪೊಟ್ಟಣದಲ್ಲಿ ಕಟ್ಟಿ, ಮೇಲೆ ಹೆಸರು ಮತ್ತು ವರ್ಷ ಬರೆದು, ಧಾನ್ಯದ ಡಬ್ಬಿಗಳಿಂದ ದೂರ, ಮಕ್ಕಳ ಕೈಗೆ ಸಿಗದ ಜಾಗದಲ್ಲಿಡಿ.